ಷಡ್ಡಕನ ಪುಸ್ತಕದ ಪೆಟ್ಟಿಗೆ

ಜಡೇಸ್ವಾಮಿಗೆ ಹೊಟ್ಟೆಕಿಚ್ಚು ಎಂಬುದು ಹುಟ್ಟಿನಿಂದಲೇ ಇರಲಿಲ್ಲ. ಇದು ಊರವರ ಮಾತಲ್ಲ, ಜಡೇಸ್ವಾಮಿಯದೇ ಮಾತು. ಪಕ್ಕದ ಹೊಲದವನ ಆಲೂಗಡ್ಡೆ ತನ್ನದಕ್ಕಿಂತ ದಪ್ಪವಾದರೂ ಅವನು ನಕ್ಕು ಸುಮ್ಮನಾಗುತ್ತಿದ್ದ. (ಒಳಗೆಲ್ಲ ಹುಳ ಎಂದು ಹೆಂಡತಿಯ ಹತ್ತಿರ ಮಾತ್ರ ಹೇಳುತ್ತಿದ್ದ.) ಲೋಕದ ಏಳಿಗೆಯನ್ನೆಲ್ಲ ಹೀಗೆ ಸಹಿಸಿಕೊಂಡಿದ್ದ ಆ ವಿಶಾಲ ಹೃದಯದಲ್ಲಿ ಒಬ್ಬನಿಗೆ ಮಾತ್ರ ಜಾಗವಿರಲಿಲ್ಲ. ಅವನು ಗೆಟ್ಟವಾಡಿಯ ಸಿದ್ದಮಲ್ಲಪ್ಪ. ಹೆಂಡತಿಯ ಅಕ್ಕನ ಗಂಡ, ಅಂದರೆ ಷಡ್ಡಕ.

ಸಿದ್ದಮಲ್ಲಪ್ಪ ಕೆಟ್ಟವನೇನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ರೇಡಿಯೊ ತಂದರೆ ಇವರನ್ನು ಕರೆದು ಕೇಳಿಸುತ್ತಿದ್ದ, ಬಾವಿಗೆ ಪಂಪ್‌ಸೆಟ್ ಹಾಕಿಸಿದರೆ ಕರೆದು ನೀರು ಕುಡಿಸುತ್ತಿದ್ದ. ಜಡೇಸ್ವಾಮಿ ಆ ನೀರು ಕುಡಿದು, ಬಹಳ ಸಿಹಿಯಾಗಿದೆ ಎಂದು ಹೊಗಳಿ, ಮನೆಗೆ ಬಂದು ಹೊಟ್ಟೆನೋವೆಂದು ಮಲಗುತ್ತಿದ್ದ.

ಆದರೂ ಒಂದು ವಿಷಯದಲ್ಲಿ ಅವನ ಸಿಂಹಾಸನ ಭದ್ರವಾಗಿತ್ತು. ಅದು ಓದು. ಅವರ ಊರುಗಳಿದ್ದ ತಾಳವಾಡಿ ಸೀಮೆ ತಮಿಳುನಾಡಿನ ಪಾಲಾದದ್ದರಿಂದ ಕನ್ನಡ ಪುಸ್ತಕ ಬೇಕೆಂದರೆ ಬಸ್ಸು ಹತ್ತಿ ಚಾಮರಾಜನಗರಕ್ಕೇ ಹೋಗಬೇಕು. ಜಡೇಸ್ವಾಮಿ ಹೋಗುತ್ತಿದ್ದ. ಪತ್ತೇದಾರಿ ಕಾದಂಬರಿ, ಮಾಸಪತ್ರಿಕೆ, ಶರಣರ ಚರಿತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ತರುತ್ತಿದ್ದ. ಈ ಗ್ರಂಥಭಂಡಾರ ಅಟ್ಟದ ಮೇಲೆ ರಾಗಿ ಮೂಟೆಯ ಪಕ್ಕ ಒಂದು ಗೋಣಿಚೀಲದಲ್ಲಿ ವಿರಾಜಮಾನವಾಗಿತ್ತು. ಅದನ್ನು ಇಲಿಗಳೂ ಓದುತ್ತಿದ್ದವು. ಒಂದು ಕಾದಂಬರಿಯ ಕೊನೆಯ ಹಾಳೆಗಳನ್ನು ಅವು ಮೊದಲೇ ಓದಿ ಮುಗಿಸಿದ್ದರಿಂದ ಜಮೀನ್ದಾರನನ್ನು ಕೊಂದವರು ಯಾರೆಂದು ಜಡೇಸ್ವಾಮಿಗೆ ಇವತ್ತಿಗೂ ಗೊತ್ತಿಲ್ಲ.

ಎಮರ್ಜೆನ್ಸಿ ಮುಗಿದ ಮರುವರ್ಷ, ದೀಪಾವಳಿಗೆ ಇನ್ನೂ ತಿಂಗಳಿರುವಾಗ, ಹೆಂಡತಿ ಪುಟ್ಟಮಲ್ಲಮ್ಮ ಅಕ್ಕನ ಮನೆಯಿಂದ ಬಂದವಳು ಕಾಲು ತೊಳೆಯುವುದಕ್ಕೂ ಮೊದಲು ಸುದ್ದಿ ಬಿಚ್ಚಿದಳು.

“ಬೆಟ್ಟದ ಮ್ಯಾಲ ಕಾಫಿ ತೋಟದ ಬಂಗ್ಲ ಸಾಮಾನೆಲ್ಲ ಏಲಂ ಆಯ್ತಲ್ಲ, ಭಾವ ಅಲ್ಲಿಂದ ಒಂದು ಪೆಟ್ಟಿಗ ತಂದವ್ರ ಕಣಿ. ದೊರೆ ಪೆಟ್ಟಿಗ!”

“ಕಬ್ಬಿಣದ್ದಾ?” ಎಂದ ಜಡೇಸ್ವಾಮಿ, ಪುಸ್ತಕದಿಂದ ತಲೆಯೆತ್ತದೆ.

“ನಿಮ್ಮ ತಲ. ಮೂಲಮೂಲಗೂ ಇತ್ತಾಳ ಒಡ್ದವ್ರ, ಫಳಫಳಾ ಅಂತದ. ಮಲುಗ್ಸುದ್ರ ಪೆಟ್ಟಿಗ, ನಿಲ್ಸಿ ಬಾಗ್ಲು ತಗುದ್ರ ಬೀರು! ಒಳಗ ಅಂತಸ್ತು ಅಂತಸ್ತು, ಕೆಳಗ ಎಳ್ಯೋ ಡ್ರಾಯರು. ಬಿಳೀ ದೊರೆ ಸಮುದ್ರ ದಾಟಿ ಅಡಗಲ್ಲಿ ಬರುವಾಗ ಅದ್ರಲ್ಲಿ ಬುಕ್ಕ ತುಂಬ್ಕಂಡು ಬಂದಿದ್ನಂತ. ಬುಕ್ಕ ಮಡಗಕ್ಕೇ ಅಂತ ಮಾಡ್ಸಿದ್ದಂತ. ಅಂಥದ್ದು ಲೋಕದಲ್ಲೇ ಅಪ್ರೂಪವಂತ, ಬಂಗ್ಲ ಬಟ್ಲರು ಯೋಳುದ್ನಂತ.”

ಜಡೇಸ್ವಾಮಿಯ ಕೈಯಿಂದ ಪುಸ್ತಕ ಜಾರಿತು. ಪುಸ್ತಕದ ಪೆಟ್ಟಿಗೆ! ಅದೂ ಸಿದ್ದಮಲ್ಲಪ್ಪನಿಗೆ! ಆ ಮನುಷ್ಯ ಜನ್ಮದಲ್ಲಿ ಓದಿದ್ದೆಂದರೆ ಪಂಚಾಂಗ, ಅದರಲ್ಲೂ ಮಳೆ ನಕ್ಷತ್ರದ ಪುಟ ಒಂದೇ. ರೇಡಿಯೊ ಹೋಗಲಿ, ಪಂಪ್‌ಸೆಟ್ ಹೋಗಲಿ, ಅವೆಲ್ಲ ಯಾರ ಮನೆಯಲ್ಲಾದರೂ ಇರಬಹುದು. ಆದರೆ ಈ ಪೆಟ್ಟಿಗೆ ಭೂಲೋಕದಲ್ಲಿ ಯಾರಿಗಾಗಿ ಹುಟ್ಟಿತ್ತು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಮಾರನೇ ದಿನವೇ ಬಿತ್ತನೆ ಗಡ್ಡೆ ಕೇಳುವ ನೆಪದಲ್ಲಿ ಗೆಟ್ಟವಾಡಿಗೆ ಹೋದ. ಹೆಂಡತಿ ಹೇಳಿದ್ದು ಕಡಿಮೆಯೇ ಆಗಿತ್ತು. ಕಂದು ಬಣ್ಣದ ಮೈ, ಅಂಚಿಗೆ ಸಾಲಾಗಿ ಹಿತ್ತಾಳೆ ಮೊಳೆ, ಅಂಗೈ ಗಾತ್ರದ ಬೀಗ, ಒಳಗಡೆ ಓದಲು ಬಾರದ ಯಾವುದೋ ಪರದೇಶದ ಭಾಷೆಯ ಚೀಟಿ. ಮೇಲಿನ ಅಂತಸ್ತಿನಲ್ಲಿ ಸಿದ್ದಮಲ್ಲಪ್ಪನ ಪಂಚಾಂಗ ಒಬ್ಬಂಟಿಯಾಗಿ ಬಿದ್ದಿತ್ತು. ಕೆಳಗಿನದರಲ್ಲಿ ರೇಡಿಯೊದ ಹಳೇ ಬ್ಯಾಟರಿ, ಅದರ ಕೆಳಗೆ ಎಲೆಅಡಿಕೆ ತಟ್ಟೆ. ಜಡೇಸ್ವಾಮಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಎಂಗದ ತಮ್ಮ? ನಿನ್ನ ಬುಕ್ಕೆಲ್ಲ ಇದ್ರಲ್ಲಿ ಇಡಿಸ್ತದಾ?” ಎಂದು ಸಿದ್ದಮಲ್ಲಪ್ಪ ನಗುತ್ತಾ ಕೇಳಿದ.

ಅಣಕ! ಶುದ್ಧ ಅಣಕ! ಜಡೇಸ್ವಾಮಿಗೆ ಮೈಯೆಲ್ಲ ಉರಿಯಿತು. “ಪರವಾಗಿಲ್ಲ ಬುಡಣ್ಣ, ವಸಿ ಅಳೇದು” ಎಂದು ಹೇಳಿ, ಗಡ್ಡೆ ಕೇಳುವುದನ್ನೂ ಮರೆತು ವಾಪಸು ಬಂದ.

ಮನೆಯಲ್ಲಾದರೂ ನೆಮ್ಮದಿ ಉಂಟೇ? ಪುಟ್ಟಮಲ್ಲಮ್ಮನಿಗೆ ಆ ಪೆಟ್ಟಿಗೆಯ ಹುಚ್ಚು ಹಿಡಿದಿತ್ತು. ರೊಟ್ಟಿ ತಟ್ಟುವಾಗ ಪೆಟ್ಟಿಗೆ, ಹಾಲು ಕರೆಯುವಾಗ ಪೆಟ್ಟಿಗೆ. ಒಂದು ದಿನ ಪಡಸಾಲೆಯ ಮೂಲೆಯಲ್ಲಿದ್ದ ನೇಗಿಲು, ಕುಕ್ಕೆ ಎಲ್ಲ ಆಚೆ ಹಾಕಿ ಗೋಡೆಗೆ ಸುಣ್ಣ ಬಳಿದಳು. ಯಾಕೆ ಎಂದರೆ, “ಸುಮ್ನ, ಮೂಲ ಚೆನ್ನಾಗಿ ಕಾಣ್ಲಿ ಅಂತ” ಎಂದು ಸೆರಗಿನಲ್ಲಿ ನಕ್ಕಳು. ಅಕ್ಕನ ಐಶ್ವರ್ಯ ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದು ಜಡೇಸ್ವಾಮಿ ಮರುಗಿದ. ಹೆಣ್ಣುಮಕ್ಕಳಿಗೆ ಈ ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಬುದ್ಧಿಯನ್ನೂ ಹೇಳಿದ.

ದೀಪಾವಳಿ ಕಳೆಯಿತು. ಗುಮಟಾಪುರದಲ್ಲಿ ಬೀರೇಶ್ವರನ ಸಗಣಿ ಹಬ್ಬಕ್ಕೆ ಅತ್ತೆ ಪುಟ್ಟಬಸಮ್ಮನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇಬ್ಬರು ಅಳಿಯಂದಿರೂ ಸೇರಿದರು. ಗಂಡಸರು ಸಗಣಿ ಉಂಡೆಗಳಿಂದ ಒಬ್ಬರನ್ನೊಬ್ಬರು ಹೊಡೆದು, ಕೆರೆಯಲ್ಲಿ ಮಿಂದು ಬಂದರು. (ಜಡೇಸ್ವಾಮಿಯ ಉಂಡೆಗಳೆಲ್ಲ ಅದೇಕೋ ಸಿದ್ದಮಲ್ಲಪ್ಪನ ಬೆನ್ನನ್ನೇ ಹುಡುಕಿಕೊಂಡು ಹೋಗಿದ್ದವು.) ಒಬ್ಬಟ್ಟಿನ ಊಟವಾಯಿತು. ಆಮೇಲೆ ಸಿದ್ದಮಲ್ಲಪ್ಪ ಎತ್ತಿನ ಗಾಡಿಯ ಹತ್ತಿರ ಹೋಗಿ, ಕಂಬಳಿ ಸರಿಸಿ, ಆಳಿನ ಕೈಯಲ್ಲಿ ಅದನ್ನು ಇಳಿಸಿ ಜಗಲಿಯ ಮೇಲೆ ನಿಲ್ಲಿಸಿದ.

ಪೆಟ್ಟಿಗೆ! ಹಬ್ಬದ ಬಿಸಿಲಿಗೆ ಹಿತ್ತಾಳೆ ಕಣ್ಣು ಕುಕ್ಕಿತು. ಬೀದಿಯಲ್ಲಿ ಹೋಗುವವರು ನಿಂತರು. ಸಿದ್ದಮಲ್ಲಪ್ಪ ಗಂಟಲು ಸರಿಮಾಡಿಕೊಂಡು, “ಅತ್ತಮ್ಮ, ಎಲ್ಲರೂ ಇರೋ ಒತ್ತಲ್ಲಿ ಒಂದು ಮಾತು...” ಎಂದು ಶುರುಮಾಡಿದ.

ಅತ್ತೆಯ ಮನೆಯ ಬಾಗಿಲಿಗೂ ತಂದು ಮೆರೆಯುವುದೇ? ಜಡೇಸ್ವಾಮಿಗೆ ತಡೆಯಲಾಗಲಿಲ್ಲ. ಎದ್ದು ನಿಂತುಬಿಟ್ಟ.

“ಅಣ್ಣ, ಬ್ಯಾಸ್ರ ಮಾಡ್ಕಬ್ಯಾಡ. ಇದು ಚರ್ಮ!”

“ಏನು?”

“ದನದ ಚರ್ಮ ಕಣಣ್ಣ. ದೊರೆಗೋಳು ಪೆಟ್ಟಿಗ ಮಾಡ್ಸದೇ ದನದ ಚರ್ಮದಲ್ಲಿ. ನಾನು ಬುಕ್ಕಲ್ಲಿ ಓದಿವ್ನಿ. ಲಿಂಗ ಕಟ್ಟೋ ನಮ್ಮಂಥೋರು ಇದ್ನ ಒಳಗ ಮಡಗಂಗಿಲ್ಲ. ಮುಟ್ಟುದೋರು ತಲ ಮ್ಯಾಲ ನೀರುಯ್ಕಳದೆ ಒಸ್ಲು ದಾಟಂಗಿಲ್ಲ.”

(ಯಾವ ಪುಸ್ತಕ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲಿ ತಿಂದ ಪುಸ್ತಕ ಎನ್ನುತ್ತಿದ್ದ.)

ಪೆಟ್ಟಿಗೆಯ ಮೇಲಿದ್ದ ಸಿದ್ದಮಲ್ಲಪ್ಪನ ಕೈ ತಟ್ಟನೆ ಕೆಳಗೆ ಬಂತು. “ಗುಡಿ ನಗಾರಿನೂ ಚರ್ಮದ್ದೇ ಅಲ್ವಾ ಅತ್ತಮ್ಮ?” ಎಂದು ಮೆಲ್ಲಗೆ ಕೇಳಿದ.

ಪುಟ್ಟಬಸಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. “ನಗಾರಿನ ಗರ್ಭಗುಡಿಲಿ ಮಡಗವ್ರಾ? ಎಕ್ಕಡ ಬಾಗ್ಲಾಚ ಇರ್ತದ, ನೀರೆತ್ತೋ ಕಪಿಲ ಚರ್ಮ ಬಾವಿ ತಾವು ಇರ್ತದ. ಚರ್ಮಕ್ಕೂ ಜಾಗ ಅದ, ಮನ ಒಳಗಲ್ಲ ಅಷ್ಟೇಯ. ಓದ್ದೋರು ಅಳಿಮಯ್ಯ. ಅವರು ಅಂದ ಮ್ಯಾಲ ಮುಗೀತು.”

ಜಡೇಸ್ವಾಮಿಗೆ ಒಬ್ಬಟ್ಟು ಈಗ ಸಿಹಿಯಾಯಿತು. ಎಷ್ಟೋ ವರ್ಷದ ರೇಡಿಯೊ, ಪಂಪ್‌ಸೆಟ್ಟುಗಳ ಸೇಡು ಒಂದೇ ಏಟಿಗೆ ತೀರಿತ್ತು. ಆದರೆ ಹೆಂಡತಿ ಯಾಕೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಳೆ?

“ಈಗ ಏನ್ಮಾಡದಮ್ಮ ಪುಟ್ಟಮಲ್ಲಿ?” ಎಂದ ಸಿದ್ದಮಲ್ಲಪ್ಪ, ಅಳುವವನ ಹಾಗೆ. “ಇದ್ನ ತಮ್ಮನಿಗೇ ಅಂತ ಏಲಂಲಿ ಕೂಗಿ ತಕ್ಕಂಡಿದ್ದು. ನಂಗ್ಯಾಕ ಬುಕ್ಕಿನ ಪೆಟ್ಟಿಗ? ನಮ್ಮ ನೆಂಟ್ರಲ್ಲಿ ಓದೋನು ಅವನೊಬ್ಬ, ಅವನ ಬುಕ್ಕ ಇಲಿ ತಿಂತದ ಅಂತ ನೀನು ಕಣ್ಣೀರಾಕ್ದೆ. ಅತ್ತಮ್ಮನ ಕೈಲಿ ಕೊಡ್ಸದು, ಅಲ್ಲೀಗಂಟ ಬಾಯಿ ಬುಡಬ್ಯಾಡ ಅಂತ ನಾನೇ ಅಂದಿದ್ದೆ.”

ಪಡಸಾಲೆಯ ಸುಣ್ಣದ ಮೂಲೆ ಜಡೇಸ್ವಾಮಿಯ ಕಣ್ಣ ಮುಂದೆ ಬಂದು ನಿಂತಿತು. “ಅಣ್ಣ... ಅದು... ಚರ್ಮ ಅಲ್ದೇನೂ ಇರ್ಬೌದು ಅಂತ...”

“ಬುಕ್ಕಲ್ಲಿ ಓದಿವ್ನಿ ಅಂದ್ರಲ್ಲ ಅಳಿಮಯ್ಯ?” ಪುಟ್ಟಬಸಮ್ಮ ಮೊದಲ ಸಲ ತಲೆಯೆತ್ತಿ ನೋಡಿದಳು. “ಓದಿದ್ರೋ, ಇಲ್ವೋ?”

ಬೀದಿಯ ಜನರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಪೆಟ್ಟಿಗೆ ಪಡಸಾಲೆಗೆ ಬರುತ್ತದೆ, ಆದರೆ ಓದಿದವನೆಂಬ ಹೆಸರು ಇಲ್ಲೇ ಬೀದಿಪಾಲಾಗುತ್ತದೆ. ಇವನಿಗಿದ್ದ ಆಸ್ತಿ ಅದೊಂದೇ.

“ಓದಿವ್ನಿ” ಎಂದ ಜಡೇಸ್ವಾಮಿ.

“ಸರಿ. ಕೊಡ್ಬೇಕು ಅಂತ ಒಸ್ಲು ದಾಟ್ಸಿದ್ನ ತಿರುಗಾ ಒಳಿಕ ತಕ್ಕಂಡೋಗದು ನಮ್ಮ ಮನತನದಲ್ಲಿಲ್ಲ. ಪೆಟ್ಟಿಗ ನಿಮ್ದೇಯ. ಕೊಟ್ಟಿಗಲಿ ಮಡಿಕಳಿ. ಮುಟ್ಟುದಾಗೆಲ್ಲ ನೀರುಯ್ಕಳಿ.”

ಹೀಗೆ ಲೋಕದಲ್ಲೇ ಅಪರೂಪದ ಆ ಪೆಟ್ಟಿಗೆ ಜಡೇಸ್ವಾಮಿಯ ದನದ ಕೊಟ್ಟಿಗೆ ಸೇರಿತು. ಅದನ್ನು ಎಮ್ಮೆಯ ಗೋದಲಿಯ ಪಕ್ಕ ನಿಲ್ಲಿಸಿದರು. ಪುಸ್ತಕಗಳೆಲ್ಲ ಅಚ್ಚುಕಟ್ಟಾಗಿ ಅಂತಸ್ತುಗಳಲ್ಲಿ ಕೂತವು, ಒಂದೇ ಒಂದು ಇಲಿಯೂ ಒಳಗೆ ನುಗ್ಗಲಿಲ್ಲ. ಒಂದು ಪುಸ್ತಕ ತೆಗೆದರೆ ಒಂದು ಸ್ನಾನ, ಅದನ್ನು ಇಟ್ಟರೆ ಇನ್ನೊಂದು. ಬೆಟ್ಟದ ಸೀಮೆಯ ಚಳಿಗಾಲ ಬೇರೆ. ಊರಲ್ಲಿ ಅವನ ಮಡಿಯ ಕೀರ್ತಿ ಹಬ್ಬಿತು. ನೆಗಡಿಯೂ ಹಬ್ಬಿತು.

ಒಂದು ಬೆಳಿಗ್ಗೆ ಎಮ್ಮೆ ಕೊಂಬಿನಿಂದ ಪೆಟ್ಟಿಗೆಯ ಮೈ ಗೀರಿತು. ಜಡೇಸ್ವಾಮಿ ಬಗ್ಗಿ ನೋಡಿದರೆ, ಗೀರಿದ ಜಾಗದಲ್ಲಿ ನೂಲು! ಹೆಣಿಗೆ ಹೆಣಿಗೆಯಾದ ದಪ್ಪ ನೂಲು! ಚರ್ಮವಲ್ಲ, ಬಣ್ಣ ಹಚ್ಚಿದ ಡೇರೆ ಬಟ್ಟೆ. ಅವನು ಸಂತೋಷದಿಂದ ಕೂಗಲು ಬಾಯಿ ತೆರೆದ. ಕೂಗಿ ಏನೆನ್ನುವುದು ಎಂದು ಹೊಳೆದು ಮುಚ್ಚಿಕೊಂಡ. ಬಾಗಿಲಲ್ಲಿ ಪುಟ್ಟಮಲ್ಲಮ್ಮ ಕೊಡ ಹಿಡಿದು ನಿಂತಿದ್ದಳು.

“ಬಟ್ಟ ಅಂತ ಈಗ ಗೊತ್ತಾಯ್ತಾ?” ಎಂದಳು. “ನಂಗ ಅಕ್ಕನ ಮನಲಿ ಒರೆಸ್ದಾಗ್ಲೇ ಗೊತ್ತು.”

“ಅಮ್ಮೀ! ಗೊತ್ತಿದ್ದೂ ನಿಮ್ಮವ್ವನ ಮುಂದ ಯಾಕ ಯೋಳ್ನಿಲ್ಲ?”

“ಎಂಗ ಯೋಳ್ಳಿ? ಬುಕ್ಕಲ್ಲಿ ಓದಿವ್ನಿ ಅಂತ ಊರ ಮುಂದ ಎದ ತಟ್ಕಂಡು ನಿಂತಿರೋ ಗಂಡನ್ನ ಸುಳ್ಗಾರ ಅಂತ ಅನ್ಸದಾ? ಅಷ್ಟು ಮರ್ವಾದಿ ಇಲ್ದೋಳಲ್ಲ ನಾನು.” ಕೊಡವನ್ನು ಅವನ ಮುಂದೆ ಇಟ್ಟಳು. “ನೀರುಯ್ಕಂಡು ಒಳಿಕ ಬನ್ನಿ. ಇವತ್ತು ಕಾಯ್ಸನಿಲ್ಲ, ಸೌದ ಮುಗ್ದದ.”

ಜಡೇಸ್ವಾಮಿ “ಶಿವ ಶಿವಾ” ಎನ್ನುತ್ತಾ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಈಗ ಅವನಿಗೆ ಸಿದ್ದಮಲ್ಲಪ್ಪನ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ಇರುವುದೆಲ್ಲ ಆ ಎಮ್ಮೆಯ ಮೇಲೆ. ಅದು ಹಗಲೂ ರಾತ್ರಿ ಅಷ್ಟೊಂದು ಪುಸ್ತಕಗಳಿಗೆ ಒರಗಿಕೊಂಡು, ಸ್ನಾನದ ಮಾತೇ ಇಲ್ಲದೆ, ಮೆಲುಕು ಹಾಕುತ್ತಾ ಬೆಚ್ಚಗೆ ಮಲಗಿರುತ್ತದೆ.