ಬೇಗ ಹಳೆಯದಾಗು, ತಾಯಿ

ಬಟ್ಟೆ ಹಳೆಯದಾಗುವುದೂ ಒಂದು ಭಾಗ್ಯ ಎಂದು ನನಗೆ ತಿಳಿದದ್ದು ಅಜ್ಜಿಯಾಗುವ ಹೊತ್ತಿಗೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಬಟ್ಟೆಗೆ ಎರಡೇ ಅವಸ್ಥೆ: ಹೊಸದು, ಇಲ್ಲವೇ ಕಸ. ನಡುವೆ ಬಾಳಿ ಬದುಕಿ, ಬಣ್ಣ ಮಾಸಿ, ಮೆತ್ತಗಾಗಿ, ಮನೆಯವರಲ್ಲಿ ಒಬ್ಬರಂತೆ ಮುಪ್ಪಾಗುವುದು ಎಂಬುದೊಂದಿದೆಯಲ್ಲ, ಅದು ನಮ್ಮ ಬೀರುವಿನಲ್ಲಿ ಯಾರಿಗೂ ಒದಗಿರಲಿಲ್ಲ. ಎಲ್ಲಕ್ಕೂ ಅಕಾಲ ಮರಣವೇ. ನಾಲ್ಕು ಸಲ ಒಗೆಯುವಷ್ಟರಲ್ಲಿ ಕುತ್ತಿಗೆ ಸೊಟ್ಟಗಾದ ಟಾಪು, ಇಸ್ತ್ರಿಪೆಟ್ಟಿಗೆ ಸೋಕಿದ್ದೇ ತಡ ಮುದುರಿಕೊಂಡ ಸೀರೆ. ಸತ್ತವರ ಜಾಗಕ್ಕೆ ಮರುದಿನವೇ ಪಾರ್ಸೆಲ್ಲು ಬರುತ್ತಿತ್ತು, ಅಳಲು ಪುರಸೊತ್ತಾದರೂ ಎಲ್ಲಿ?

ನಾನು ಅರಸೀಕೆರೆಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಊಟದ ಬಿಡುವಿನಲ್ಲಿ ನಾವು ಹೆಂಗಸರು ಡಬ್ಬಿಗಿಂತ ಮೊದಲು ಫೋನು ತೆಗೆಯುತ್ತೇವೆ. ಒಬ್ಬರು ಒಂದು ಸೀರೆ ತೋರಿಸಿ 'ನೋಡ್ರೀ, ಎಷ್ಟು ಕಮ್ಮಿಗೆ ಸಿಗ್ತಿದೆ, ಬಿಟ್ರೆ ಹೋಯ್ತು' ಅಂದರೆ ಮುಗಿಯಿತು. ಬೇಕೋ ಬೇಡವೋ ಎಂಬ ಮಾತೇ ಇಲ್ಲ, ಬಿಟ್ಟರೆ ಹೋಗುತ್ತದಲ್ಲ! ನಮ್ಮನೆಯವರು ರಿಟೈರಾಗಿ ಮನೆಯಲ್ಲಿರುವುದರಿಂದ ಪಾರ್ಸೆಲ್ ಇಸಿದುಕೊಳ್ಳುವುದು ಅವರ ಕೆಲಸ. 'ನೌಕರೀಲಿದ್ದಾಗ್ಲೂ ಇಷ್ಟೊಂದು ಟಪಾಲು ನೋಡಿರ್ಲಿಲ್ಲ ಕಣೇ' ಎಂದು ಗೊಣಗುತ್ತಾರೆ. ಹಾಗೆ ಗೊಣಗುವವರ ಟೀ ಶರ್ಟೂ ಅದೇ ಚೀಲಗಳಲ್ಲಿ ಬಂದದ್ದು.

ಇಂಥ ಮನೆಗೆ ಮಗಳು ಕಾವ್ಯ ಚೊಚ್ಚಲ ಹೆರಿಗೆಗೆ ಬಂದಳು. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವಂತಿಲ್ಲ. ನಾಮಕರಣದವರೆಗೂ ಹಿರಿಯರು ಉಟ್ಟು ಬಿಟ್ಟ ಹತ್ತಿ ಸೀರೆಯೇ ಅದಕ್ಕೆ ಹಾಸಿಗೆ, ಹೊದಿಕೆ, ಎಲ್ಲ. ಶಾಸ್ತ್ರ ಹಾಗಿರಲಿ, ಆಸ್ಪತ್ರೆಯ ನರ್ಸಮ್ಮನೂ ಅದನ್ನೇ ಅಂದರು: 'ಹಳೇ ಕಾಟನ್ ಸೀರೆ ಹರಿದು, ಒಗೆದು, ಬಿಸಿಲಲ್ಲಿ ಒಣಗಿಸಿ ಇಟ್ಕೊಳ್ಳೀಮ್ಮ. ಮಿಣಮಿಣ ಬಟ್ಟೆ ತಂದು ಸುತ್ತಬೇಡಿ, ಮಗು ಮೈಗೆ ಗುಳ್ಳೆ ಏಳ್ತವೆ.' ಅದೇನು ಮಹಾ ಎಂದುಕೊಂಡು ಮನೆಗೆ ಬಂದು ಬೀರು ತೆಗೆದೆ.

ತೆಗೆದೆ ಅನ್ನುವುದಕ್ಕಿಂತ ಒಳಗಿದ್ದದ್ದೆಲ್ಲ ನನ್ನ ಮೇಲೆ ಬಿತ್ತು ಅನ್ನಬೇಕು. ರೂಮಿನ ತುಂಬ ಬಟ್ಟೆ. ಕಾವ್ಯ ಮಂಚದ ಮೇಲೆ ಕೂತು ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿದಳು. ಒಂದು ಚುಚ್ಚಿತು, ಒಂದು ಜಾರಿತು, ಒಂದರ ಬಣ್ಣ ಬೆವರಿದ ಕೈಗೆ ಅಂಟಿತು. 'ಅಮ್ಮಾ, ಇಷ್ಟು ಬಟ್ಟೇಲಿ ಪಾಪೂಗೆ ಅಂತ ಒಂದೂ ಇಲ್ವಾ?' ನಗುತ್ತಲೇ ಕೇಳಿದಳು, ಆಮೇಲೆ ಕಣ್ಣು ತುಂಬಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದೆ ಇದ್ದ ಹತ್ತಿ ಸೀರೆಗಳನ್ನು, ಗಂಜಿ ಹಾಕುವ ತಾಪತ್ರಯ ಯಾರಿಗೆ ಬೇಕೆಂದು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಹಾಕಿ ಇಡ್ಲಿ ಪಾತ್ರೆ ತೆಗೆದುಕೊಂಡಿದ್ದೆ. ಕೂಸನ್ನು ಇಡ್ಲಿ ಪಾತ್ರೆಯಲ್ಲಿ ಮಲಗಿಸಲಾದೀತೇ?

ಉಳಿದ ದಾರಿ ಒಂದೇ, ಮಾದಿಹಳ್ಳಿಯ ನಮ್ಮಕ್ಕ. ಅಮ್ಮನಷ್ಟೇ ನನ್ನನ್ನು ಎತ್ತಿ ಆಡಿಸಿದವಳು. ಬರಿಗೈಲಿ ಹೋಗಬಾರದೆಂದು, ಬೀರುವಿನಿಂದ ಬಿದ್ದದ್ದರಲ್ಲೇ ಮಿರುಗುವ ಹೊಸ ಸೀರೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಹಳೇಬೀಡಿನ ಬಸ್ಸು ಹತ್ತಿದೆ. ಊರಾಚೆ ಕಸ ಸುರಿಯುವ ಕಡೆ ಬಸ್ಸು ನಿಧಾನವಾಯಿತು. ಜಾಲಿ ಗಿಡದ ಮೇಲೆ ಗಿಳಿಹಸಿರು ಕುರ್ತಾವೊಂದು ತೋಳು ಚಾಚಿಕೊಂಡು ನೇತಾಡುತ್ತಿತ್ತು. ಅಯ್ಯೋ, ನಂದೇ! ಯುಗಾದಿಗೆ ತರಿಸಿ, ಫೋಟೋ ತೆಗೆಸಿಕೊಂಡು, ಕಂಕುಳಲ್ಲಿ ಹರಿಯಿತೆಂದು ಬಿಸಾಕಿದ್ದು. ಎರಡು ಹೊಲಿಗೆ ಹಾಕಿದ್ದರೆ ಆಗುತ್ತಿತ್ತು. ಸೂಜಿ ಹುಡುಕುವುದಕ್ಕಿಂತ ಇನ್ನೊಂದು ತರಿಸುವುದು ಸಲೀಸಾಗಿತ್ತು. ಮಳೆಗಾಲ ಕಳೆದಿದ್ದರೂ ಅದರ ಬಣ್ಣ ಒಂಚೂರೂ ಮಾಸಿರಲಿಲ್ಲ. ನನ್ನ ಮೈಮೇಲೆ ಬಾಳದ್ದು ಜಾಲಿ ಮುಳ್ಳಿನ ಮೇಲೆ ಬಾಳುತ್ತಿತ್ತು. ಪಕ್ಕದಲ್ಲಿ ಯಾರೋ ಬೆಂಕಿ ಹಚ್ಚಿದ್ದ ರಾಶಿ ಹೊಗೆಯಾಡುತ್ತಿತ್ತು, ಬಟ್ಟೆ ಸುಟ್ಟ ಕಮಟು ಬಸ್ಸಿನೊಳಕ್ಕೂ ಬಂತು. ಪಕ್ಕದ ಸೀಟಿನವಳು ಸೆರಗು ಮೂಗಿಗೆ ಹಿಡಿದು 'ಯಾರು ತಂದ್ ಸುರೀತಾರೋ, ದರಿದ್ರದೋರು' ಎಂದಳು. 'ಹೂಂ ಕಣ್ರೀ' ಎಂದು ನಾನು ಕಿಟಕಿ ಎಳೆದೆ.

ಅಕ್ಕ ಆಗತಾನೇ ಡೈರಿಗೆ ಹಾಲು ಹಾಕಿ ಬಂದಿದ್ದಳು. ನನ್ನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. 'ಅಲ್ಲ ಕಣೇ ಸರೋಜಿ, ಬೀರು ತುಂಬ ಬಟ್ಟೆ ಇಟ್ಕೊಂಡು ಹಳೇ ಬಟ್ಟೆ ಬೇಡಕ್ಕೆ ಬಂದಿದ್ದೀಯಲ್ಲೇ!' ನಗು ನಿಂತ ಮೇಲೆ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಅಮ್ಮನ ನೀಲಿ ಸೀರೆ. ಅಮ್ಮ ಹೋದಾಗಿನಿಂದ ಅಕ್ಕ ಹೊದ್ದು ಮಲಗುವುದು ಅದನ್ನೇ.

'ನನ್ನವೆಲ್ಲ ಕೊಟ್ಟಿಗೇಲಿ, ಗದ್ದೇಲಿ ಉಟ್ಟು ಚಿಂದಿಯಾಗವೆ. ಕೂಸಿಗೆ ಆಗೋ ಅಂಥದ್ದು ಇದೊಂದೇ ಐತೆ' ಎಂದಳು.

'ಬೇಡ ಕಣಕ್ಕ, ನೀನೇನು ಹೊದ್ಕೊಳ್ತೀಯಾ?' ಎಂದೆ. ಬಾಯಿಮಾತಿಗಲ್ಲ, ನಿಜಕ್ಕೂ ಬೇಡ ಅನ್ನಿಸಿತ್ತು.

'ಸುಮ್ನಿರೇ. ಅಮ್ಮ ಇದ್ದಿದ್ರೆ ನಿನ್ನ ಕೇಳ್ಕೊಂಡು ಕೊಡ್ತಿದ್ಲಾ?' ಎಂದವಳೇ ಅಂಚಿಗೆ ಹಲ್ಲು ಕೊಟ್ಟು ಪರ್ರನೆ ಹರಿದಳು. ಹರಿದು ಮುಗಿಸುವವರೆಗೂ ನನ್ನ ಮುಖ ನೋಡಲಿಲ್ಲ. ಅಂಚನ್ನು ಮಾತ್ರ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ.

ಹೊರಡುವಾಗ ಮಿರುಗುವ ಸೀರೆ ತೆಗೆದು ಕೊಟ್ಟೆ. ಅಕ್ಕ ಅದನ್ನು ಸವರಿ 'ಚೆನ್ನಾಗೈತೆ' ಎಂದು ವಾಪಸ್ಸು ನನ್ನ ಚೀಲಕ್ಕೇ ಹಾಕಿದಳು. 'ಇದನ್ನ ಹೊದ್ರೆ ಬೇಯ್ತದೆ ಕಣೇ. ಕೊಡಂಗಿದ್ರೆ ಒಂದು ಹತ್ತಿ ಸೀರೆ ಉಟ್ಟು, ಹಳೇದು ಮಾಡಿ ಕೊಡು.'

ಮೊಮ್ಮಗಳು ನಮ್ಮಮ್ಮನ ನೀಲಿ ಸೀರೆಯಲ್ಲಿ ಸುತ್ತಿಕೊಂಡೇ ಮನೆಗೆ ಬಂದಳು. ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡುವ ಕೂಸನ್ನು ನಾನು ಕಂಡಿಲ್ಲ. ಅದನ್ನು ನೋಡಿದಾಗೆಲ್ಲ ಮಾದಿಹಳ್ಳಿಯಲ್ಲಿ ಅಕ್ಕ ಏನು ಹೊದ್ದು ಮಲಗಿದ್ದಾಳೋ ಎಂಬ ಯೋಚನೆ ಬರುತ್ತಿತ್ತು. ಹೋಗಿ ಪೇಟೆಯ ಅಂಗಡಿಯಲ್ಲಿ ಹತ್ತಿ ಸೀರೆ ತಂದೆ. ಒಂದೇ. ಮೂರು ಆರಿಸಿದ್ದೆ, ನಮ್ಮನೆಯವರು ಎರಡನ್ನು ವಾಪಸ್ಸಿಡಿಸಿದರು. ಅದನ್ನೇ ಉಡುತ್ತೇನೆ, ಒಗೆಯುತ್ತೇನೆ, ಮತ್ತೆ ಅದನ್ನೇ ಉಡುತ್ತೇನೆ. 'ಯಾಕ್ರೀ ಸರೋಜಮ್ಮ, ಮನೇಲೇನಾದ್ರೂ ತೊಂದ್ರೇನಾ?' ಎಂದು ಆಫೀಸಿನವರು ಮೆಲ್ಲಗೆ ಕೇಳುತ್ತಾರೆ. 'ಸೀರೆ ಹಳೇದು ಮಾಡ್ತಿದೀನಿ' ಎಂದರೆ ಇನ್ನಷ್ಟು ಮರುಗುತ್ತಾರೆ.

ಸೀರೆ ಮಾತ್ರ ಜಗ್ಗುತ್ತಿಲ್ಲ. ಒಳ್ಳೇ ಗಟ್ಟಿ ಸೀರೆ ಕೊಡಿ ಎಂದು ಅಂಗಡಿಯವನ ತಲೆ ತಿಂದವಳು ನಾನೇ. 'ಏನೇ, ಆಯ್ತಾ?' ಎಂದು ಅಕ್ಕ ಫೋನಿನಲ್ಲಿ ಕೇಳುತ್ತಾಳೆ. 'ಇಲ್ಲ ಕಣಕ್ಕ, ಇನ್ನೂ ಗರಿಗರಿಯಾಗೇ ಇದೆ.' 'ಅವಸರ ಮಾಡ್ಬೇಡ, ನಾನೇನು ಎಲ್ಲೂ ಹೋಗಲ್ಲ' ಎಂದು ನಗುತ್ತಾಳೆ. ಅವಳಿಗೆ ಎಪ್ಪತ್ತು ದಾಟಿದೆ. ಬೇಕೆಂದದ್ದು ಮರುದಿನವೇ ಬಾಗಿಲಿಗೆ ಬಂದು ಅಭ್ಯಾಸವಾದವಳು ನಾನು. ಈಗ ದಿನಾ ಬೆಳಿಗ್ಗೆ ನೆರಿಗೆ ಹಿಡಿಯುವಾಗ ಆ ಸೀರೆಯನ್ನೇ ಬೇಡಿಕೊಳ್ಳುತ್ತೇನೆ, ಬೇಗ ಹಳೆಯದಾಗು ತಾಯಿ, ಅಕ್ಕ ಕಾಯ್ತಿದ್ದಾಳೆ ಎಂದು.