ವಿದ್ಯುತ್‌ವೇತನವನ್ನು ಸ್ವಂತ ಪಾತ್ರೆಯಲ್ಲಿ ಪಡೆಯುವ ಬಗ್ಗೆ

ವಿದ್ಯುತ್ ಸರಬರಾಜು ಕಂಪನಿ, ತರಬೇತಿ ಶಾಖೆ
ಸಂಖ್ಯೆ: ತ.ಶಾ./ಬೇಸಿಗೆ/ತಿದ್ದುಪಡಿ/ಮರುತಿದ್ದುಪಡಿ

ವಿಷಯ: ಬೇಸಿಗೆ ತರಬೇತಿಗೆ ಬಂದಿರುವ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೇತನ ವಿತರಿಸುವ ಕುರಿತು.

ಉಲ್ಲೇಖ: (1) ಇದೇ ಶಾಖೆಯ ಹಿಂದಿನ ಸುತ್ತೋಲೆ. (2) ಅದರ ಬಗ್ಗೆ ಲೆಕ್ಕಪತ್ರ ಅಧೀಕ್ಷಕರು ಮೆಟ್ಟಿಲ ಮೇಲೆ ನಿಂತು ಆಡಿದ ಮಾತು.

ಉಲ್ಲೇಖ (1)ರಲ್ಲಿ ‘ವಿದ್ಯಾರ್ಥಿವೇತನ ನೀಡಲಾಗುವುದು’ ಎಂದಿರಬೇಕಾದ ಕಡೆ ‘ವಿದ್ಯುತ್‌ವೇತನ ನೀಡಲಾಗುವುದು’ ಎಂದು ಅಚ್ಚಾಗಿರುತ್ತದೆ. ಸದರಿ ಸುತ್ತೋಲೆಗೆ ವ್ಯವಸ್ಥಾಪಕ ನಿರ್ದೇಶಕರ ಸಹಿ ಬಿದ್ದಿರುವುದರಿಂದ ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲವೆಂದು ತೀರ್ಮಾನಿಸಲಾಗಿದೆ. ಲೆಕ್ಕಪತ್ರ ಅಧೀಕ್ಷಕರು (ಬೇಗ ಹೋಗುವ ಕಾರಣಕ್ಕೆ ಕಚೇರಿಯಲ್ಲಿ ‘ಫ್ಯೂಸ್’ ಎಂದು ಕರೆಯಲ್ಪಡುವವರು), “ಸಹಿ ಆಯ್ತಲ್ಲ, ಮುಗೀತು. ಕರೆಂಟ್ ಅಂತ ಬರೆದಿದ್ರೆ ಕರೆಂಟೇ ಕೊಡೋದು. ದುಡ್ಡು ಕೊಟ್ಟು ಆಡಿಟ್‌ನವರ ಕೈಲಿ ನಾನು ಉಗಿಸ್ಕೊಳ್ಳಲಾ?” ಎಂದು ಅಭಿಪ್ರಾಯಪಟ್ಟಿರುತ್ತಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ವೇತನವನ್ನು ಯೂನಿಟ್‌ಗಳಲ್ಲಿ ಅಳೆದು ಉಗ್ರಾಣದ ಕಿಟಕಿಯಲ್ಲಿ ವಿತರಿಸತಕ್ಕದ್ದು. ವಿದ್ಯಾರ್ಥಿಗಳು ಮುಚ್ಚಳವಿರುವ ಸ್ವಂತ ಪಾತ್ರೆ ತರತಕ್ಕದ್ದು. ಸ್ಟೀಲ್ ಪಾತ್ರೆ ತಂದವರು ಅದನ್ನು ತಾವೇ ಹಿಡಿದುಕೊಳ್ಳತಕ್ಕದ್ದು. ಸಿಬ್ಬಂದಿಯ ಕೈಗೆ ಕೊಡತಕ್ಕದ್ದಲ್ಲ.

2. ಮೊದಲ ವರ್ಷದವರಿಗೆ ಸಿಂಗಲ್ ಫೇಸ್, ಕೊನೆಯ ವರ್ಷದವರಿಗೆ ತ್ರೀ ಫೇಸ್. ನಡುವಿನ ವರ್ಷಗಳವರ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಅದು ಬರುವವರೆಗೆ ಅವರು ಏನನ್ನೂ ಮುಟ್ಟತಕ್ಕದ್ದಲ್ಲ.

3. ತರಬೇತಿಯ ವೇಳೆ ಕರೆಂಟ್ ಹೋದಲ್ಲಿ ವೇತನವೂ ಹೋಗತಕ್ಕದ್ದು. ಬಂದ ಕೂಡಲೇ ಬರತಕ್ಕದ್ದು. ಎಲ್ಲಿಗೆ ಹೋಗಿತ್ತೆಂದು ಯಾರೂ ವಿಚಾರಿಸತಕ್ಕದ್ದಲ್ಲ. ಸಾರ್ವಜನಿಕರಿಗೂ ಇದೇ ನಿಯಮ.

4. ಉಳಿದ ವೇತನವನ್ನು ಬೀರುವಿನಲ್ಲಿಡಲು ಸೂಚಿಸಿದಾಗ ಉಗ್ರಾಣಪಾಲಕರು, “ಬೆಳಿಗ್ಗೆ ಬಂದು ಅದರ ಬಾಗಿಲು ತೆಗೆಯೋದು ಯಾರು? ನಂಗೂ ಹೆಂಡ್ತಿ ಮಕ್ಕಳಿದ್ದಾರೆ ಸ್ವಾಮಿ” ಎಂದು ಆಕ್ಷೇಪಿಸಿರುತ್ತಾರೆ. ಆಕ್ಷೇಪಣೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಮರದ ಸ್ಕೇಲಿನಿಂದ ಬಾಗಿಲು ತೆರೆಯಲು ಅನುಮತಿಸಲಾಗಿದೆ.

5. ಈ ನಡುವೆ, ಸ್ವಿಚ್‌ಯಾರ್ಡಿನಲ್ಲಿ ತರಬೇತಿ ಪಡೆಯುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರ ಕಾಲೇಜು ಶುಲ್ಕಕ್ಕೆ ಈ ಶನಿವಾರವೇ ಕೊನೆಯ ದಿನವೆಂದೂ, ಕಟ್ಟದಿದ್ದಲ್ಲಿ ಅವರ ಹೆಸರು ತೆಗೆಯಲಾಗುವುದೆಂದೂ ತಿಳಿದುಬಂದಿದೆ. ಅವರ ತಾಯಿ ಫೋನ್ ಮಾಡಿ, “ನೀವು ಕೊಡ್ತೀರಿ ಅಂತ್ಲೇ ನಂಬ್ಕೊಂಡು ಕೂತಿದ್ವಲ್ಲಪ್ಪಾ. ಡಬ್ಬೀಲಿ ಕರೆಂಟ್ ತುಂಬ್ಕೊಂಡು ಹೋದ್ರೆ ಕಾಲೇಜಿನವರು ಒಳಗೆ ಬಿಟ್ಕೊಳ್ತಾರಾ?” ಎಂದು ಕೇಳಿರುತ್ತಾರೆ. ಈ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರ ದೊರೆತಿಲ್ಲ. (ಎಲ್ಲ ಸಂಪುಟಗಳನ್ನೂ ಹುಡುಕಲಾಗಿದೆ. ಕಣ್ತಪ್ಪಿರಬಹುದೆಂದು ಮತ್ತೆ ಹುಡುಕಲಾಗಿದೆ.)

6. ಪದವನ್ನು ತಿದ್ದಲು ವ್ಯವಸ್ಥಾಪಕ ನಿರ್ದೇಶಕರಿಗಷ್ಟೇ ಅಧಿಕಾರವಿದ್ದು, ಅವರು ರಜೆಯಲ್ಲಿರುತ್ತಾರೆ. ಶನಿವಾರವನ್ನು ಮುಂದೂಡಲು ಈ ಶಾಖೆಗೆ ಅಧಿಕಾರವಿರುವುದಿಲ್ಲ.

7. ಸದರಿ ವಿದ್ಯಾರ್ಥಿನಿಯನ್ನು ಕರೆಸಿ ಪರಿಸ್ಥಿತಿ ವಿವರಿಸಲಾಗಿ, ಅವರು, “ಸರ್, ನಮ್ಮ ಕಾಲೇಜಿಗೆ ಕರೆಂಟ್ ಕೊಡೋದೂ ನೀವೇ ಅಲ್ವಾ? ನನ್ನ ಯೂನಿಟ್ಟನ್ನ ಅವರ ಬಿಲ್ಲಲ್ಲಿ ಕಳೀರಿ. ಅವರು ನನ್ನ ಫೀಸಲ್ಲಿ ಕಳೀಲಿ” ಎಂದಿರುತ್ತಾರೆ. ಅಧೀಕ್ಷಕರು ಇದಕ್ಕೆ ಅಡ್ಡಿಯಾಗುವ ನಿಯಮ ಹುಡುಕಿ, ಸಿಗದೆ, ಒಂದು ಲೋಟ ನೀರು ಕುಡಿದು, “ಈ ಹುಡುಗೀನ ಕೆಲಸಕ್ಕೆ ತಗೊಂಡ್ರೆ ನಾವೆಲ್ಲ ಮನೇಗೇ” ಎನ್ನುತ್ತಾ ಸಹಿ ಮಾಡಿರುತ್ತಾರೆ. ಕಾಲೇಜಿನವರು ಶುಕ್ರವಾರ ಸಂಜೆ ಒಪ್ಪಿಗೆ ನೀಡಿ, ಇಂಥ ವಿದ್ಯಾರ್ಥಿಗಳನ್ನು ಇನ್ನಷ್ಟು ಕಳುಹಿಸಬಹುದೇ ಎಂದು ವಿಚಾರಿಸಿರುತ್ತಾರೆ.

8. ಆದ್ದರಿಂದ ಇನ್ನು ಮುಂದೆ ‘ವಿದ್ಯಾರ್ಥಿವೇತನ’ ಎಂಬ ಪದವನ್ನೇ ಅಚ್ಚಿನ ದೋಷವೆಂದು ಪರಿಗಣಿಸತಕ್ಕದ್ದು. ಕಲಂ 1ರಿಂದ 4 ಈಗ ಅನಗತ್ಯವಾದರೂ, ರದ್ದುಪಡಿಸುವ ಅಧಿಕಾರ ಯಾರದ್ದೆಂದು ತಿಳಿಯದ ಕಾರಣ ಜಾರಿಯಲ್ಲಿರುತ್ತವೆ.

ಸಹಿ/-
ಪ್ರಭಾರ ಅಧಿಕಾರಿ, ತರಬೇತಿ ಶಾಖೆ
(ಪ್ರಭಾರ ಎಂದಿನವರೆಗೆ ಎಂಬುದು ತಿಳಿದುಬಂದಿಲ್ಲ)

ಪ್ರತಿಗಳು:
1. ವ್ಯವಸ್ಥಾಪಕ ನಿರ್ದೇಶಕರಿಗೆ, ರಜೆ ಮುಗಿದ ಮೇಲೆ, ನಿಧಾನವಾಗಿ.
2. ಡ್ರಾಯಿಂಗ್ ಶಾಖೆಗೆ, ಒಂದು ಮರದ ಸ್ಕೇಲ್ ಎರವಲು ನೀಡುವ ಕೋರಿಕೆಯೊಂದಿಗೆ.
3. ಬೆರಳಚ್ಚು ವಿಭಾಗಕ್ಕೆ, ನೌಕರರ ನಿವೃತ್ತಿವೇತನದ ಸುತ್ತೋಲೆಯನ್ನು ಸಹಿಗೆ ಕಳುಹಿಸುವ ಮುನ್ನ ದಯವಿಟ್ಟು ಎಲ್ಲರಿಗೂ ತೋರಿಸಲು.
4. ವಿದ್ಯಾರ್ಥಿನಿಯ ತಾಯಿಗೆ. ಮಗಳ ಹೆಸರು ಕಾಲೇಜಿನಲ್ಲಿ ಹಾಗೆಯೇ ಇರುತ್ತದೆ. ಈ ಪ್ರತಿಯನ್ನು ಅಂಚೆಗೆ ಹಾಕದೆ, ಕೂಡಲೇ ಫೋನಿನಲ್ಲಿ ಓದಿ ಹೇಳಲಾಗಿದೆ.