ಮಾವ ಆರಿಸಿದ ಬಣ್ಣ

ಒಂದು ಪಡಸಾಲೆ, ಒಂದು ದೇವರಮನೆ, ಒಂದು ಅಡುಗೆಮನೆ. ಇಷ್ಟಕ್ಕೆ ಬಣ್ಣ ಆರಿಸಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಒಂದು ಕಪ್ಪು ಚಹ ಕುಡಿಯುವಷ್ಟು ಎಂದು ನೀವು ಹೇಳಬಹುದು. ಮನೆಯಲ್ಲಿ ಹೆಂಡತಿಯನ್ನು ಕೇಳಿ ಹೇಳುವವರಾದರೆ ಒಂದು ವಾರ ಎನ್ನಿ. ಬ್ಯಾಡಗಿಯ ನಮ್ಮ ಸೋದರಮಾವನಿಗೆ ಎರಡು ವರ್ಷ ಎಂಟು ತಿಂಗಳು ಹಿಡಿದವು. ಅಷ್ಟರೊಳಗೆ ಆ ಊರಿನ ಪೇಟೆಗೆ ಮೂರು ಸುಗ್ಗಿಯ ಮೆಣಸಿನಕಾಯಿ ಬಂದು ಹೋಯಿತು, ಪರದೇಶದಲ್ಲಿ ಒಂದು ಮಹಾಯುದ್ಧ ಸುರುವಾಯಿತು, ನನ್ನ ಹಣೆಯ ಮೇಲಿನ ಕೂದಲು ಎರಡು ಬೆರಳು ಹಿಂದಕ್ಕೆ ಸರಿಯಿತು. ಗೋಡೆ ಮಾತ್ರ ಇದ್ದ ಹಾಗೆಯೇ ಇತ್ತು.

ಅವರ ಗೋಡೆ, ಅವರ ಬಣ್ಣ, ನಿನಗೇನಪ್ಪ ತೊಂದರೆ ಎಂದು ಕೇಳುವಿರೇನು? ತೊಂದರೆ ಇತ್ತು. ನನ್ನ ಮದುವೆ ಆ ಗೋಡೆಗೆ ಗಂಟುಬಿದ್ದಿತ್ತು.

ಮಾವನಿಗೆ ಒಬ್ಬಳೇ ಮಗಳು, ಪಾರವ್ವ. ಅವಳು ತೊಟ್ಟಿಲಲ್ಲಿದ್ದಾಗಲೇ ನನಗೆ ಕೊಡುವುದೆಂದು ಮಾತಾಗಿತ್ತು. ಅತ್ತೆ ತೀರಿಕೊಂಡು, ಪಾರವ್ವ ದೊಡ್ಡವಳಾದ ಮೇಲೆ, ನಮ್ಮ ಅವ್ವ ರಾಣೇಬೆನ್ನೂರಿನಿಂದ ರೈಲು ಹತ್ತಿ ತಮ್ಮನ ಮನೆಗೆ ಹೋಗಿ ಮಾತು ತೆಗೆದಳು. ಮಾವ ಇಲ್ಲ ಎನ್ನಲಿಲ್ಲ.

"ಸುಣ್ಣ ಬಣ್ಣ ಕಾಣದ ಮನಿ ಮುಂದ ಹಂದರ ಹಾಕಿದ್ರ ಮಂದಿ ನಗತಾರ, ಅಕ್ಕಾ. ಗ್ವಾಡಿಗೆ ಬಣ್ಣ ಹತ್ತಲಿ. ಮರುದಿನಾನ ಹಂದರ" ಎಂದರು.

ಅವ್ವ ಹಿಗ್ಗಿನಿಂದ ತಿರುಗಿ ಬಂದಳು. ಮಗನದು ಬಣ್ಣದ ಕೆಲಸ, ಇನ್ನು ಎಂಟು ದಿನದಲ್ಲಿ ಸೊಸೆ ಮನೆಗೆ ಬಂದಳು ಎಂದೇ ಅವಳ ಲೆಕ್ಕ. ಈಗ ಆ ಪಾರವ್ವ ಒಳಗೆ ರೊಟ್ಟಿ ಬಡಿಯುತ್ತಿರುವ ಸಪ್ಪಳ ಕೇಳುತ್ತ ಕೂತಿರುವುದರಿಂದ ನಾನು ನಗುತ್ತ ಬರೆಯಬಲ್ಲೆ. ಮಾವನೂ ಮೆಣಸಿನಕಾಯಿ ದಲಾಲಿ ಬಿಟ್ಟು ಆರಾಮಾಗಿದ್ದಾರೆ. ಅವರ ಅಪ್ಪಣೆ ಕೇಳಿಯೇ ಬರೆಯುತ್ತಿದ್ದೇನೆ. ಆಗ ಮಾತ್ರ ನಗು ಬಂದಿರಲಿಲ್ಲ.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ಹೋದ ಮೇಲೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಸುಣ್ಣ ಸೋಸುವುದರಿಂದ ಹಿಡಿದು ಮೇಲೆ ಬಂದವನು. ಸಹಿ ಮಾಡುವಾಗ ಕೈ ನಡುಗುತ್ತದೆ, ಕುಂಚ ಹಿಡಿದಾಗ ನಡುಗುವುದಿಲ್ಲ. ನಾನು ಬಳಿದ ಗೋಡೆಗೆ ಕರಿ ಕೋಟು ತೊಟ್ಟು ಒರಗಿ ಏಳಿರಿ, ಬೆನ್ನಿಗೆ ಬಿಳುಪು ಹತ್ತಿದರೆ ಕೂಲಿ ಬೇಡ ಎನ್ನುವುದು ನನ್ನ ಕರಾರು. ಇಂಥವನಿಗೆ ತನ್ನ ಮದುವೆಯ ಗೋಡೆಯೇ ಬಗ್ಗಲಿಲ್ಲ ಎಂದರೆ ಹೇಗಾಗಿರಬೇಡ?

ಮೊದಲು ಸಾಮಾನು ಕೊಳ್ಳಲು ಮಾವ ನನ್ನನ್ನು ಹಾವೇರಿಯ ಪೇಟೆಗೆ ಕರೆದುಕೊಂಡು ಹೋದರು. ಅಂಗಡಿಯವನು ಮುಂಬಯಿಯ ಹೊಸ ಬ್ರಶ್ಶುಗಳನ್ನು ಮುಂದೆ ಹರಡಿದ. ಮಾವ ಒಂದೊಂದನ್ನೂ ತೆಗೆದು, ಕಣ್ಣು ಮುಚ್ಚಿ, ಗಲ್ಲಕ್ಕೆ ಸವರಿಕೊಳ್ಳತೊಡಗಿದರು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಬೀದಿಯ ಕಡೆ ನೋಡಿದೆ.

"ಇದು ಕುದರಿ ಬಾಲಂತ ಹೇಳಿದಿ, ಅಲ್ಲೇನಪಾ?" ಎಂದರು ಮಾವ.

"ಹೌದ್ರಿ ಸಾಹುಕಾರ್ರ. ಅಸಲ ಕುದರಿ ಬಾಲ."

"ಇದು ಹಂದಿ ಕೂದಲ. ನಮ್ಮ ದೇವರಮನ್ಯಾಗ ಇದನ್ನ ಆಡಸಿದ್ರ ದೇವರು ಎದ್ದು ನಿನ್ನ ಅಂಗಡಿಗೆ ಬರತಾನ. ಜಾಗಾ ಇಟ್ಟೀಯೇನು?"

ಅಂಗಡಿಯವನು ತೆಪ್ಪಗೆ ಒಳಗೆ ಹೋಗಿ ಕತ್ತಾಳಿ ನಾರಿನ ಕುಂಚಗಳನ್ನು ತಂದ. ಹದಿನೈದರಲ್ಲಿ ಮಾವ ಆರಿಸಿದ ಎರಡು ಕುಂಚ ಇವೊತ್ತಿಗೂ ನನ್ನ ಹತ್ತಿರ ಇವೆ. ನಾರು ಉದುರಿಲ್ಲ. ಏಣಿಯನ್ನು ಅಲುಗಾಡಿಸಿ ಅದರ ಕಿರುಗುಟ್ಟುವಿಕೆ ಕೇಳಿ, ಮೂರನೆಯ ಮೆಟ್ಟಿಲು ಹುಳ ತಿಂದಿದೆ ಎಂದರು. ಏಣಿ ಮಾರುವ ಬಡಗಿಯೇ ಕೊರೆದು ನೋಡಿದ, ಹುಳ ತಿಂದಿತ್ತು. ಸುಣ್ಣದ ಹರಳನ್ನು ಬಟ್ಟಲು ನೀರಿಗೆ ಹಾಕಿಸಿ, ಕಿವಿ ಹತ್ತಿರ ಹಿಡಿದು, "ಇದು ಪಿಸುಗುಡತೈತಿ. ಸುಣ್ಣ ಬೈದಂಗ ಮಾತಾಡಬೇಕು" ಎಂದು ನಾಲ್ಕು ಅಂಗಡಿ ತಿರುಗಿಸಿದರು. ಐದನೆಯ ಅಂಗಡಿಯ ಸುಣ್ಣ ಬೈಯಿತು. ಕೊಂಡೆವು. ಬಣ್ಣಕ್ಕೆ ಹಾಕುವ ಜಾಲಿಯ ಅಂಟನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ಹಳೆಯದು ಹೊಸದು ಹೇಳಿದರು. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಸಾಮಾನು ಮುಗಿಯಿತು. ಹತ್ತು ವರ್ಷ ಈ ಕೆಲಸ ಮಾಡಿದ ನಾನೇ ಬೆರಗಾದೆ. ಸಾಮಾನಿಗೆ ಒಂದು ಮಧ್ಯಾಹ್ನವಾದರೆ ಬಣ್ಣಕ್ಕೆ ಒಂದು ಮುಂಜಾನೆ ಸಾಕು ಎಂದುಕೊಂಡೆ. ಮೂರ್ಖ!

ಬಣ್ಣದ ಪ್ರಕರಣ ಹೀಗೆ. ಪಡಸಾಲೆಯ ಗೋಡೆಯ ಮೇಲೆ ನಾನು ಒಂದು ಗೇಣು ಚೌಕ ಬಳಿಯುವುದು, ಅದು ಒಣಗುವುದು, ಮಾವ ಬಂದು ನೋಡುವುದು. ನೋಡುವ ಮೊದಲು "ಯಾವುದಪಾ ಇದು?" ಎಂದು ನನ್ನ ಬಾಯಿಂದ ಹೆಸರು ಹೇಳಿಸುತ್ತಿದ್ದರು. ಆಮೇಲೆ ತಕರಾರು.

"ತಿಳಿ ನೀಲಿರಿ, ಮಾಮಾ."

"ದವಾಖಾನಿ ಆತು."

ಮುಂದಿನ ವಾರ ಮತ್ತೆ ಬ್ಯಾಡಗಿಗೆ ಹೋಗುವುದು, ಮತ್ತೊಂದು ಚೌಕ.

"ತಿಳಿ ಹಸರು."

"ಮನ್ಯಾಗ ಗಿಳಿ ಸಾಕ್ಯಾರೇನು ಅಂತಾರ."

"ಗುಲಾಬಿ."

"ಹೆಣ್ಣ ಮಕ್ಕಳ ಕುಬಸ ಒಣಹಾಕಿದಂಗ ಆತು. ಬ್ಯಾಡ."

ಬೂದಿ ಬಣ್ಣ ಹಚ್ಚಿದಾಗ, ಯಾರು ಸತ್ತಾರ ಎಂದು ಕೇಳಿದರು. ಬರಬರುತ್ತ ಪಡಸಾಲೆಯ ಗೋಡೆಯಲ್ಲಿ ಚೌಕ ಹಾಕಲು ಜಾಗ ಸಾಲದಾಯಿತು. ಒಮ್ಮೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬಂದು ಕೂತವರು ಗೋಡೆ ನೋಡಿ ಕೇಳಿದರು: "ಏನ್ರಿ, ಗ್ವಾಡಿಗೆ ಮೈಲಿ ಬ್ಯಾನಿ ಗುಳ್ಳಿ ಎದ್ದಾವೇನ್ರಿ?"

"ಇಲ್ರಿ. ನಮ್ಮ ಅಳಿಯ ಬಣ್ಣ ಹಚ್ಚೂದು ಕಲ್ಯಾಕತ್ತಾನ" ಎಂದರು ಮಾವ.

ಏಣಿಯ ಮೇಲೆ ನಿಂತಿದ್ದ ನನ್ನ ಕಿವಿ ಕಾದ ಹೆಂಚಾಯಿತು. ರಾಣೇಬೆನ್ನೂರಿನಲ್ಲಿ ಮೂರು ಅಡತಿ ಅಂಗಡಿ, ಒಂದು ಮಠದ ಒಳಗೋಡೆ ನನ್ನ ಕೈಯವು. ನಾನು ಕಲಿಯುತ್ತಿದ್ದೇನಂತೆ!

ಮಾಳಿಗೆಯ ಕಥೆ ಇನ್ನೂ ಚೆಂದ. ಜಂತಿಗಳ ನಡುವಿನ ಹಲಗೆಗೆ ಹಾಲಿನ ಬಣ್ಣ ಹಚ್ಚಿದರೆ ಮನೆ ಬೆಳಗುತ್ತದೆ ಎಂದೆ. ಮಾವ ಚಾಪೆ ತರಿಸಿ ಪಡಸಾಲೆಯ ನಡುವೆ ಹಾಸಿ ಮಲಗಿದರು. ಮಾಳಿಗೆಯನ್ನು ಮಲಗಿಯೇ ನೋಡಬೇಕಂತೆ. ನಿಂತು ನೋಡಿದರೆ ಕುತ್ತಿಗೆ ನೋಡುತ್ತದೆ, ಕಣ್ಣು ನೋಡುವುದಿಲ್ಲವಂತೆ. ನಾನು ಏಣಿ ಹತ್ತಿ ಎರಡು ಹಲಗೆಗೆ ಬಳಿದು ಕೆಳಗೆ ನೋಡುತ್ತೇನೆ, ಗೊರಕೆ ಕೇಳುತ್ತಿದೆ. ಎಚ್ಚರಾದ ಮೇಲೆ ಏನು ಹೇಳಿರಬಹುದು?

"ಬಣ್ಣ ಚಲೋ ಐತಿ. ಆದ್ರ ನಿದ್ದಿ ಬರತೈತಿ. ದಂಧೆ ಮಾಡೂ ಮನಿಗೆ ಆಗೂದಿಲ್ಲ."

ಹೀಗೆ ಎರಡು ವರ್ಷ ದಾಟಿದವು. ಯುದ್ಧದಿಂದಾಗಿ ಮುಂಬಯಿಯ ಬಣ್ಣದ ಡಬ್ಬಿಗಳು ಬರುವುದು ಕಡಿಮೆಯಾಗಿ, ಆಮೇಲೆ ನಿಂತೇಹೋದವು. ಅವ್ವನ ತಾಳ್ಮೆಯೂ ಅದೇ ಹೊತ್ತಿಗೆ ಮುಗಿಯಿತು. ಒಂದು ದಿನ ನನಗೆ ಊಟಕ್ಕೆ ಬಡಿಸುತ್ತ ಹೇಳಿದಳು: "ನಿಮ್ಮ ಮಾವ ಗ್ವಾಡಿಗೆ ಬಣ್ಣ ಆರಸಾಕತ್ತಿಲ್ಲೋ. ಮಗಳಿಗೆ ಬ್ಯಾರೆ ಗಂಡ ಆರಸಾಕತ್ತಾನ. ಮ್ಯಾಟ್ರಿಕ್ ಪಾಸಾದವ ಬೇಕಾಗಿರಬೇಕು ಅವಗ."

ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟೆ. ಈ ಮಾತು ನನ್ನ ಎದೆಯಲ್ಲಿ ಮೊದಲೇ ಇತ್ತು, ಅವ್ವ ಬಾಯಿಬಿಟ್ಟು ಹೇಳಿದಳು ಅಷ್ಟೆ. ಮೂರನೆಯ ಇಯತ್ತೆಯವನನ್ನು ನೇರವಾಗಿ ಬೇಡ ಎನ್ನಲು ಅಕ್ಕನ ಸಂಕೋಚ. ಅದಕ್ಕೇ ಗೋಡೆಯನ್ನು ಮುಂದೆ ಮಾಡಿಕೊಂಡಿದ್ದಾರೆ. ಎಲ್ಲ ಚೌಕಗಳ ಅರ್ಥ ಆಗ ಒಮ್ಮೆಲೇ ಹೊಳೆದಂತಾಯಿತು.

"ಹಲಗೇರಿ ಊರಾಗ ಒಂದ ಹುಡುಗಿ ಅದಾಳ. ಅವರ ಮನಿಗೆ ಬಣ್ಣ ಹಚ್ಚೂವಂಥ ಗ್ವಾಡಿನ ಇಲ್ಲ, ತಟ್ಟಿ ಕಟ್ಟ್ಯಾರ. ಲಗೂ ಮುಗೀತೈತಿ" ಎಂದಳು ಅವ್ವ.

"ಇನ್ನೊಮ್ಮೆ ಹೋಗಿ ಬರತೇನಿ. ಈ ಸಲ ಹೌದೋ ಅಲ್ಲೋ ಕೇಳಿಬಿಡತೇನಿ" ಎಂದೆ.

ಮರುದಿನ ಬ್ಯಾಡಗಿಗೆ ಹೋದೆ. ಬಣ್ಣದ ಡಬ್ಬಿ ಇಲ್ಲದಿದ್ದರೇನು, ಮಾವ ಆರಿಸಿದ ಬೈಯುವ ಸುಣ್ಣ ಮನೆಯಲ್ಲಿತ್ತಲ್ಲ. ಅದನ್ನು ಧೋತರದಲ್ಲಿ ಸೋಸಿ, ಹಳದಿ ಮಣ್ಣು ಒಂದು ಚಿಟಿಕೆ, ಜಾಲಿಯ ಅಂಟು ಹಾಕಿ ಕಲಸಿಕೊಂಡೆ. ಮಾವ ಪೇಟೆಯಿಂದ ಊಟಕ್ಕೆ ಬರುವ ಹೊತ್ತು. ನಾನು ಬಣ್ಣದ ಗಡಿಗೆಯನ್ನು ಪಡಸಾಲೆಗೆ ತಂದು, ಬಾಗಿಲ ಪಕ್ಕ ಉಳಿದಿದ್ದ ಖಾಲಿ ಜಾಗದ ಕೆಳಗಿಟ್ಟು, ಕುಂಚ ಅದ್ದಿದೆ. ಗೋಡೆಗೆ ಇನ್ನೂ ಮುಟ್ಟಿಸಿಲ್ಲ, ಮಾವ ಒಳಗೆ ಬಂದರು.

"ಮಾಮಾ, ಇವತ್ತ ತಿಳಿ ಹಳದಿ" ಎಂದೆ, ಬಿಗಿಯಾಗಿ. ಮುಂದಿನ ಮಾತನ್ನು ನುಂಗಿ ನುಂಗಿ ಇಟ್ಟುಕೊಂಡಿದ್ದೆ.

ಮಾವ ಹಸಿ ಸುಣ್ಣದ ವಾಸನೆ ಎಳೆದುಕೊಂಡರು. ಖಾಲಿ ಗೋಡೆಯ ಮುಂದೆ ನಿಂತರು. ತಲೆಯನ್ನು ಎಡಕ್ಕೆ ಓರೆ ಮಾಡಿದರು, ಬಲಕ್ಕೆ ಓರೆ ಮಾಡಿದರು. ಹಳೆಯ ಮಸಿ ಹಿಡಿದ ಗೋಡೆ ಅದು. ಒಂದು ಹನಿ ಬಣ್ಣ ಬಿದ್ದಿರಲಿಲ್ಲ.

"ಸ್ವಲ್ಪ ಗಾಢ ಆತು ನೋಡು" ಎಂದರು.

ನಗು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಸಿಕ್ಕಿಬಿದ್ದರು ಎಂಬ ನಗು, ಎರಡು ವರ್ಷದ ಸೇಡಿನ ನಗು. ಬಾಯಿ ತೆರೆಯುವಷ್ಟರಲ್ಲಿ ಒಳಬಾಗಿಲಲ್ಲಿ ಪಾರವ್ವ ಕಂಡಳು. ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯನ್ನು ಬೇಡುವ ಹಾಗೆ ನನ್ನತ್ತ ಚಾಚಿ ನಿಂತಿದ್ದಳು. ನಗು ಅಲ್ಲೇ ಒಣಗಿತು.

ಹಿತ್ತಲಿಗೆ ಹೋದೆವು. ಅವಳು ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ನೀರು ಸೇದದೆ ಹೇಳಿದಳು.

"ಅಪ್ಪನ ಕಣ್ಣಾಗ ಪೊರಿ ಬಂದೈತ್ರಿ. ಮೂರ ವರ್ಷದ ಮ್ಯಾಲಾತು. ಮಂದಿ ಮಸಕ ಮಸಕ ಕಾಣತಾರ, ಬಣ್ಣ ತಿಳ್ಯೂದಿಲ್ಲ. ಮೆಣಸಿನಕಾಯಿ ದಲಾಲಿಗೆ ಬಣ್ಣ ಕಾಣಂಗಿಲ್ಲಂತ ಪ್ಯಾಟ್ಯಾಗ ಗೊತ್ತಾದ್ರ ಯಾರ ಮಾಲ ಹಾಕತಾರ? ಸಂಜಿಕ ಮಾದರಿ ಕಾಯಿ ಅರಿವ್ಯಾಗ ಗಂಟ ಕಟಗೊಂಡ ಮನಿಗೆ ತರತಾರ. ನಾ ನೋಡಿ ಹೇಳತೇನಿ, ಇದು ಅಚ್ಚ ಕೆಂಪು, ಇದು ಕಂದು ತಿರಿಗೈತಿ ಅಂತ."

"ಡಾಕ್ಟರ ಹತ್ತಿರ ಹೋಗಬಾರದೇನು?"

"ಕಣ್ಣಾಗ ಸೂಜಿ ಆಡಸ್ಕೊಂಡು ಇದ್ದಷ್ಟೂ ನೋಟ ಕಳಕೊಂಡವರನ್ನ ನೋಡ್ಯಾರ. ಅಂಜತಾರ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ರಾಣೇಬೆನ್ನೂರಿಗೆ ಬಂದ್ರ ಇಲ್ಲಿ ನೋಡಾವರ ಯಾರು? ಅದನ್ನ ಬಾಯಿಬಿಟ್ಟ ಹೇಳೂದ ಆಗೂದಿಲ್ಲ ಅವರಿಗೆ. ಅದಕ್ಕ ಗ್ವಾಡಿ ಹಿಡಕೊಂಡ ನಿಂತಾರ."

ಆಗ ನನಗೆ ಮೊದಲು ಏನೆನಿಸಿತು ಎಂದು ನಿಜ ಹೇಳಿದರೆ ನೀವು ನನ್ನನ್ನು ಬೈಯಬಹುದು. ಮರುಕ ಆಮೇಲೆ ಬಂತು. ಮೊದಲು ಬಂದದ್ದು ಸಮಾಧಾನ. ತಲೆಯ ಮೇಲಿನ ಮೂಟೆ ಇಳಿಸಿ ಕುತ್ತಿಗೆ ತಿರುಗಿಸಿದ ಹಮಾಲನ ಸಮಾಧಾನ.

"ಹಂಗಾರ ನಾ ಸಾಲಿ ಬಿಟ್ಟದ್ದಕ್ಕ ಅಲ್ಲ?" ಎಂದೆ.

"ನಿಮ್ಮ ಸಾಲಿ ಯಾರ ಕೇಳ್ಯಾರ?" ಎಂದಳು ಪಾರವ್ವ. ಆಮೇಲೆ ನೀರು ಸೇದಿದಳು.

ನಾನು ಪಡಸಾಲೆಗೆ ತಿರುಗಿ ಬಂದಾಗ ಮಾವ ಕುಂಚವನ್ನು ತೊಡೆಯ ಮೇಲಿಟ್ಟುಕೊಂಡು, ನಾರನ್ನು ಬೆರಳಿನಿಂದ ಬಾಚುತ್ತ ಕೂತಿದ್ದರು. ಅವರ ಕಿವಿ ಎಷ್ಟು ಚುರುಕು ಎಂಬುದು ನನಗೆ ಗೊತ್ತಿದ್ದದ್ದೇ. ಹಿತ್ತಲಿನ ಮಾತು ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

"ಮಾಮಾ, ರಾಣೇಬೆನ್ನೂರಾಗ ಬಣ್ಣದವರು ಭಾಳಾದ್ರು. ಲಗ್ನ ಆದ ಮ್ಯಾಲ ಇದ ಓಣ್ಯಾಗ ಒಂದ ಮನಿ ಹಿಡೀಬೇಕಂತ ಮಾಡೇನಿ. ಅವ್ವನ್ನೂ ಕರಕೊಂಡ ಬರತೇನಿ. ಪಾರವ್ವ ದಿನಾ ಸಂಜಿಕ ಇಲ್ಲಿ ಬಂದ ಹೋಗತಾಳ."

ಮಾವ ನಾರು ಬಾಚುತ್ತಲೇ ಕೇಳಿದರು:

"ನಿನ್ನ ಗಿರಾಕಿ?"

"ಗ್ವಾಡಿ ಎಲ್ಲಾ ಊರಾಗೂ ಅದಾವರಿ."

"ನಿಮ್ಮವ್ವ ಬೈತಾಳ."

"ನಿಮ್ಮನ್ನ ಬೈಯಾಕ ದಿನಾ ಇಲ್ಲೇ ಇರತಾಳ. ರೈಲಿನ ಖರ್ಚ ಉಳೀತು."

ಮಾವ ನಕ್ಕರು. ಎದ್ದು ಕುಂಚವನ್ನು ನನ್ನ ಕೈಗೆ ಕೊಟ್ಟರು. "ಹಂಗಾರ ತಿಳಿ ಹಳದಿನ ಹಚ್ಚು" ಎಂದರು. "ಭಾಳ ತಡಾ ಮಾಡಿದಿ ನೀನು."

ಎಲ್ಲ ಚೌಕಗಳನ್ನೂ ಕೆರೆದು, ಹದ ಮಾಡಿ, ಮರುದಿನ ಮುಂಜಾನೆ ಸುರುಮಾಡಿದೆ. ಮಾವ ಪೇಟೆಗೆ ಹೋಗಲಿಲ್ಲ. ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಆಳು ಹಿಡಿಯುತ್ತಾನೆ ಬಿಡ್ರಿ ಎಂದರೂ ಬಿಡಲಿಲ್ಲ.

"ಎಲ್ಲಿ ಬಂದಿ?" ಎಂದು ಕೆಳಗಿನಿಂದ ಕೇಳುವರು.

"ದೇವರಮನಿ ಬಾಗಲದ ಮ್ಯಾಲ."

"ಈಗ?"

"ಮೂಲಿಗೆ ಬಂದೇನಿ."

"ಹೆಂಗ ಕಾಣತೈತಿ?"

"ತಿಳಿ ಹಳದಿರಿ, ಮಾಮಾ."

"ಹೆಸರು ಬ್ಯಾಡ. ಹೆಂಗ ಕಾಣತೈತಿ ಅದನ್ನ ಹೇಳು."

ಏಣಿಯ ಮೇಲೆ ಕುಂಚ ಹಿಡಿದುಕೊಂಡು ನಾನು ಮಾತಿಗೆ ತಡಕಾಡಿದೆ. ಗೋಡೆಗೆ ಬಣ್ಣ ಬಳಿಯುವುದು ಗೊತ್ತು. ಬಾಯಿಯಲ್ಲಿ ಬಳಿಯುವುದನ್ನು ನನಗೆ ಯಾವ ಮೇಸ್ತ್ರಿ ಕಲಿಸಿದ್ದ? ಕಿಟಕಿಯ ಬಿಸಿಲು ಹಸಿ ಗೋಡೆಯ ಮೇಲೆ ನಿಧಾನ ಸರಿಯುತ್ತಿತ್ತು. ಅದನ್ನೇ ನೋಡಿದೆ.

"ಹಾಲು ಕಾಸಿ ಆರಾಕ ಇಟ್ಟಾಗ ಮ್ಯಾಲ ಕೆನಿ ಕಟ್ಟತೈತಲ್ಲರಿ" ಎಂದೆ. "ಅಂಚಿಗೆ ಇಷ್ಟ ಇಷ್ಟ ಹಳದಿ ಇರತೈತಿ. ಹಂಗ ಐತಿ."

ಮಾವ ಮುಖವನ್ನು ಮೇಲಕ್ಕೆತ್ತಿ, ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಈಗ ಕಂಡ್ತು" ಎಂದರು.